ಹದಿನೇಳನೆಯ ಬಿಲ್ಲೆ

ಕೊಟ್ರೇಶಿ ಸತ್ತು ಮಣ್ಣಾಗಿ ಹನ್ನೆರಡು ದಿನವಾಗಿತ್ತು. ಅವನ ಮಜ್ಜೆ ಮಾತ್ರ ಇನ್ನೂ ರಕ್ತ ತಯಾರಿಸುತ್ತಲೇ ಇತ್ತು.

ಇದು ದೆವ್ವದ ಕಥೆಯಲ್ಲ. ದಾವಣಗೆರೆಯ ಹೊರಗೆ ಇದ್ದ ರಕ್ತರೋಗ ಸಂಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ ಕಬ್ಬಿಣದ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೊಂದಿತ್ತು. ಒಳಗೆ ಸದಾ ಮನುಷ್ಯನ ಮೈಯಷ್ಟೇ ಬಿಸಿ. ಅದರ ಅರೆಗಳಲ್ಲಿ ಇಪ್ಪತ್ತೆರಡು ಗಾಜಿನ ಬಿಲ್ಲೆಗಳು, ಒಂದೊಂದೂ ಹತ್ತು ರೂಪಾಯಿ ನಾಣ್ಯದಗಲ. ಒಂದೊಂದರಲ್ಲೂ ಒಬ್ಬೊಬ್ಬ ರೋಗಿಯ ಸೊಂಟದ ಮೂಳೆಯಿಂದ ತೆಗೆದ ಚೂರು ಮಜ್ಜೆ. ಕೂದಲಿಗಿಂತ ಸಣ್ಣ ಕಾಲುವೆಗಳಲ್ಲಿ ಹರಿಯುವ ದ್ರವ ಕುಡಿದುಕೊಂಡು, ತಾನಿನ್ನೂ ಮೂಳೆಯೊಳಗೇ ಇದ್ದೇನೆಂದು ನಂಬಿ, ಅದು ತನ್ನ ಪಾಡಿಗೆ ರಕ್ತದ ಕಣಗಳನ್ನು ಹೆರುತ್ತಿತ್ತು. ಹದಿನೇಳನೆಯ ಬಿಲ್ಲೆ ಕೊಟ್ರೇಶಿಯದು. ಅದಕ್ಕೆ ದಿನಕ್ಕೆ ಮೂರು ಹೊತ್ತು ಊಟ ಹಾಕುತ್ತಿದ್ದವಳು ಇಂದುಮತಿ.

ಇಂದುಮತಿ ಕೇಂದ್ರದ ಲ್ಯಾಬ್ ಟೆಕ್ನಿಷಿಯನ್. ನಲವತ್ತಾರು ವಯಸ್ಸು, ಅದರಲ್ಲಿ ಇಪ್ಪತ್ತೆರಡು ವರ್ಷ ಸೂಜಿ ಹಿಡಿದೇ ಕಳೆದಿದ್ದಳು. ಅವಳು ಚುಚ್ಚಿದರೆ ಇರುವೆ ಕಚ್ಚಿದಷ್ಟೂ ನೋವಿಲ್ಲ ಎಂದು ರೋಗಿಗಳೆಲ್ಲ ಅವಳ ಕೈಗುಣವನ್ನು ಹೊಗಳುತ್ತಿದ್ದರು. ಮಂಗಳವಾರ ಮಂಗಳವಾರ ಕೆಳಗಿನ ಮಹಡಿಗೆ ಬರುವ ರೋಗಿಗಳ ರಕ್ತ ತೆಗೆಯುವುದು, ಅವರ ಮನೆಯವರು ಬರೆದುಕೊಂಡು ಬಂದ ಊಟದ ಪುಸ್ತಕವನ್ನು ನೋಡಿ ಕಂಪ್ಯೂಟರಿಗೆ ಹಾಕುವುದು, ಮೇಲೆ ಬಂದು ಬಿಲ್ಲೆಗಳನ್ನು ಸಾಕುವುದು, ಇಷ್ಟು ಅವಳ ಕೆಲಸ. ಬಿಲ್ಲೆಗಳ ಜೊತೆ ಮಾತಾಡುವ ಚಟವೂ ಅವಳಿಗೆ ಹತ್ತಿಕೊಂಡಿತ್ತು. "ಏನಪ್ಪಾ ಹದಿನೇಳು, ಇವತ್ತು ಮುಖ ಸಣ್ಣಗೈತಲ್ಲ" ಎನ್ನುವಳು. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ನಗುವವರೂ ಇರಲಿಲ್ಲ.

ರೋಗದ ವಿಷಯ ಎರಡು ಮಾತಿನಲ್ಲಿ ಹೇಳಿಬಿಡಬಹುದು. ಮೂಳೆಯೊಳಗೆ ಹುಟ್ಟಿದ ಕಣ ಬೆಳೆಯಬೇಕು, ದುಡಿಯಬೇಕು, ಮುದಿಯಾಗಿ ಸಾಯಬೇಕು. ತೀವ್ರ ರಕ್ತ ಕ್ಯಾನ್ಸರಿನಲ್ಲಿ ಕೆಲವು ಕಣಗಳು ಬೆಳೆಯುವುದೇ ಇಲ್ಲ. ದುಡಿಯುವುದೂ ಇಲ್ಲ, ಸಾಯುವುದೂ ಇಲ್ಲ, ಮರಿ ಹಾಕಿಕೊಂಡು ಮನೆ ತುಂಬ ಕಾಲು ಚಾಚಿ ಮಲಗುತ್ತವೆ. ದುಡಿಯುವವಕ್ಕೆ ಜಾಗವೇ ಇಲ್ಲದ ಹಾಗಾಗುತ್ತದೆ. ಕೀಮೊ ಎಂದರೆ ಆ ಮನೆಗೇ ಬೆಂಕಿ ಇಟ್ಟಂತೆ, ಕೆಟ್ಟವರ ಜೊತೆ ಒಳ್ಳೆಯವರೂ ಸುಡುತ್ತಾರೆ. ಈಗ ಟ್ರಯಲಿಗೆ ಬಂದಿದ್ದ ಹಳದಿ ಗುಳಿಗೆ ಹಾಗಲ್ಲ. ಅದು ಆ ಸೋಮಾರಿ ಕಣಗಳಿಗೆ ಬೆಳೆಯುವ ಬುದ್ಧಿ ಕಲಿಸುತ್ತಿತ್ತು. ಬೆಳೆದ ಮೇಲೆ ಅವು ತಾವಾಗಿಯೇ ಮುದಿಯಾಗಿ ಉದುರುತ್ತಿದ್ದವು.

ಬಿಲ್ಲೆ ಯಾಕೆ ಬೇಕಿತ್ತೆಂದರೆ, ಔಷಧ ನಾಟುತ್ತಿದೆಯೋ ಇಲ್ಲವೋ ನೋಡಲು ಹಿಂದೆಲ್ಲ ವಾರಕ್ಕೊಮ್ಮೆ ರೋಗಿಯ ಸೊಂಟಕ್ಕೆ ಸೂಜಿ ಕೊರೆಯಬೇಕಿತ್ತು. ಗಟ್ಟಿಮುಟ್ಟಾದ ಗಂಡಸರೂ ಅವ್ವಾ ಎಂದು ಅಳುತ್ತಿದ್ದರು. ಈಗ ಒಂದೇ ಸಲ ಕೊರೆದು ಚೂರು ಮಜ್ಜೆ ತೆಗೆದರೆ ಸಾಕು. ಗುಳಿಗೆಯ ಔಷಧವನ್ನು ಮೊದಲು ಬಿಲ್ಲೆಗೆ ಕೊಟ್ಟು, ಅದಕ್ಕೆ ಒಗ್ಗಿದ ಪ್ರಮಾಣವನ್ನೇ ಒಂದು ವಾರ ಬಿಟ್ಟು ಮನುಷ್ಯನಿಗೆ ಕೊಡುವುದು. ಬಿಲ್ಲೆಯಲ್ಲಿ ಇವತ್ತು ಆದದ್ದು ಮೈಯಲ್ಲಿ ಮುಂದಿನ ವಾರ ಆಗಲೇಬೇಕು ಎಂಬ ನಂಬಿಕೆ. ಆ ನಂಬಿಕೆ ಬೇರೆ ಊರುಗಳ ನೂರಾರು ರೋಗಿಗಳಲ್ಲಿ ಒಮ್ಮೆಯೂ ಸುಳ್ಳಾಗಿರಲಿಲ್ಲವಾದ್ದರಿಂದ, ಬಿಲ್ಲೆ ಹೇಳಿದ್ದೇ ವೇದವಾಕ್ಯವಾಗಿತ್ತು.

ಕೊಟ್ರೇಶಿಯನ್ನು ಇಂದುಮತಿ ಟ್ರಯಲಿಗೆ ಮೊದಲೇ ಬಲ್ಲಳು. ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾಲ್ಕೇ ಟೇಬಲ್ಲಿನ ಬೆಣ್ಣೆದೋಸೆ ಹೋಟೆಲು ಅವನದು. ಹೋಟೆಲಿಗೆ ಬೋರ್ಡಿಲ್ಲ, ಬೇಕಾಗಿಯೂ ಇರಲಿಲ್ಲ. ಹಂಚಿನ ಮೇಲಿನ ದೋಸೆಗೆ ಅಂಗೈಯಗಲ ಬೆಣ್ಣೆ ಬಿಟ್ಟು, ಸಾಕು ಎಂದವರಿಗೆ ಇನ್ನೊಂದು ಮುದ್ದೆ ಹಾಕಿ, "ತಿನ್ರಿ, ನಿಮ್ ಡಾಕ್ಟ್ರಿಗೆ ನಾನ್ ಹೇಳ್ಕಂತೀನಿ" ಎಂದು ನಗುವವನು. ನಲವತ್ತೊಂದನೇ ವಯಸ್ಸಿಗೆ ವಸಡಿನಲ್ಲಿ ರಕ್ತ ಬಂತು, ಪರೀಕ್ಷೆ ಮಾಡಿಸಿದರೆ ಇದು. ಬೇರೊಂದು ಆಸ್ಪತ್ರೆಯಲ್ಲಿ ಕೀಮೊ ಆಯಿತು. ನಡುವೆ ಕಾಮಾಲೆ ತಗುಲಿ ಕಣ್ಣು ಅರಿಶಿನವಾಗಿ, ಇನ್ನೇನು ಕೈಬಿಟ್ಟಿತು ಎನ್ನುವಾಗ, ಹರಿಹರದ ಕಡೆಯ ಒಬ್ಬ ಅಜ್ಜ ಎಲೆಯ ರಸ ಕೊಟ್ಟ. ಕಣ್ಣು ಬೆಳ್ಳಗಾಯಿತು. ರಸದಿಂದಾಯಿತೋ, ಕೀಮೊ ನಿಲ್ಲಿಸಿದ್ದರಿಂದಾಯಿತೋ, ದೇವರೇ ಬಲ್ಲ. ಹೆಂಡತಿ ಸರ್ವಮಂಗಳಾ ಮಾತ್ರ ಗಂಡನ ಜೀವ ಉಳಿಸಿದವನು ಆ ಅಜ್ಜನೇ ಎಂದು ನಂಬಿದಳು. ಎರಡೇ ತಿಂಗಳಲ್ಲಿ ಕ್ಯಾನ್ಸರ್ ತಿರುಗಿ ಬಂತು. ಉಳಿದಿದ್ದದ್ದು ಈ ಟ್ರಯಲ್ ಒಂದೇ.

ಮಜ್ಜೆ ತೆಗೆದು ವಾರವಾಗಿ, ಗುಳಿಗೆ ಶುರು ಮಾಡುವ ದಿನ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಲೋಬೊ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಒಂದು ಗಂಟೆ ವಿವರಿಸಿದರು. ಮಂಗಳೂರಿನ ಕಡೆಯವರು, ಪುಸ್ತಕದಂಥ ಕನ್ನಡ. ಈ ಗುಳಿಗೆ ನೀರಿನಲ್ಲಿ ಕರಗುವ ಜಾತಿಯದಲ್ಲ, ಜಿಡ್ಡಿನಲ್ಲಿ ಮಾತ್ರ ಕರಗುತ್ತದೆ, ಪ್ರತಿ ಗುಳಿಗೆಯ ಜೊತೆ ಎರಡು ಚಮಚ ತುಪ್ಪವನ್ನೋ ಬೆಣ್ಣೆಯನ್ನೋ ತಿನ್ನಲೇಬೇಕು ಎಂದರು. ಸರ್ವಮಂಗಳಾ ಪ್ರತಿ ಮಾತಿಗೂ ಹೂಂ ಸರ್ ಎಂದಳು. ಕೊಟ್ರೇಶಿ ಅಂದೇ ತನ್ನ ಹೋಟೆಲಿನಿಂದ ದೋಸೆ ತರಿಸಿ, ಲೋಬೊ ಎದುರಿಗೇ ಬೆಣ್ಣೆ ನೆಕ್ಕಿಕೊಂಡು ಮೊದಲ ಗುಳಿಗೆ ನುಂಗಿದ. ಸಂಜೆ ಅವನ ರಕ್ತ ನೋಡಿದರೆ ಔಷಧ ಬೇಕಾದಷ್ಟು ಇತ್ತು. ಆಮೇಲೆ ಅದನ್ನು ಯಾರೂ ಅಳೆಯಲಿಲ್ಲ. ಬಿಲ್ಲೆ ಇರುವಾಗ ಅಳೆಯುವ ಅಗತ್ಯವೇನು?

ಮೊದಲ ಎಂಟು ವಾರ ರೋಗಿಯ ರಕ್ತದ ಎಣಿಕೆ ಕೆಡುವುದು ಸಹಜ, ಬಲಿತ ಕಣಗಳು ಉದುರುವಾಗ ಹಾಗಾಗುತ್ತದೆ, ಗಾಬರಿ ಬೇಡ ಎಂದು ಔಷಧ ಕಂಪನಿಯವರ ಸೂಚನೆ ಇತ್ತು. ಕೊಟ್ರೇಶಿಯ ಎಣಿಕೆಯೂ ಕೆಟ್ಟಿತು. ಯಾರೂ ಗಾಬರಿಯಾಗಲಿಲ್ಲ.

ಮೂರನೇ ವಾರದ ಮಂಗಳವಾರ ಅವನು ಬಂದಾಗ ಅಂಗಿ ಹೆಗಲಿನಿಂದ ಜಾರುತ್ತಿತ್ತು. ಇಂದುಮತಿ ತೋಳಿಗೆ ಪಟ್ಟಿ ಕಟ್ಟುತ್ತ, ಏನ್ ಕೊಟ್ರೇಶಪ್ಪ, ಹೋಟೆಲು ಯಾರು ನೋಡ್ಕೊಂತಾರೆ ಎಂದು ಮಾತಿಗೆಳೆದಳು. ಭಟ್ಟಿ ಆರಿಲ್ಲ, ತಮ್ಮ ನಿಂತಿದ್ದಾನೆ, ಆದರೆ ಅವನ ಕೈ ಬಿಗಿ, ಬೆಣ್ಣೆಯನ್ನು ಬೊಟ್ಟಿಟ್ಟ ಹಾಗೆ ಇಡುತ್ತಾನೆ ಎಂದು ಕೊಟ್ರೇಶಿ ದೂರಿದ. ಆಮೇಲೆ, ರಕ್ತ ಸೀಸೆಗಿಳಿಯುವುದನ್ನೇ ನೋಡುತ್ತ, "ನಾನೂ ಬೆಣ್ಣಿ ಮಕ ನೋಡಿ ಮೂರು ವಾರಾತು ಮೇಡಂ. ಊರಿಗೆಲ್ಲ ಹಾಕ್ದೋನಿಗೆ ಒಂದ್ ಬೊಟ್ಟಿಲ್ಲ" ಎಂದ.

ಸರ್ವಮಂಗಳಾ ಥಟ್ಟನೆ ಊಟದ ಪುಸ್ತಕ ಮುಂದೆ ಚಾಚಿದಳು. ಇವರ ಮಾತು ಕಟ್ಟಿಕೊಳ್ಳಬೇಡಿ, ದಿನಾ ಹಾಕುತ್ತೇನೆ, ನೋಡಿ ಬೇಕಾದರೆ ಎಂದಳು. ಪುಸ್ತಕದಲ್ಲಿ ದುಂಡನೆಯ ಅಕ್ಷರದಲ್ಲಿ ಮೂರು ಹೊತ್ತೂ ಬರೆದಿತ್ತು: ಅನ್ನ, ಸಾರು, ತುಪ್ಪ ಎರಡು ಚಮಚ. ರೊಟ್ಟಿ, ಪಲ್ಯ, ತುಪ್ಪ ಎರಡು ಚಮಚ. ಇಪ್ಪತ್ತೊಂದು ದಿನವೂ ಒಂದೇ ಶಾಯಿ, ಒಂದೇ ಅಳತೆ. ಹೋಟೆಲಿನವನಿಗೆ ಎರಡು ಚಮಚವೆಂದರೆ ಬೆಣ್ಣೆಯ ಮುಖ ನೋಡದ ಲೆಕ್ಕವೇ ಇರಬೇಕು ಎಂದು ಇಂದುಮತಿ ನಕ್ಕಳು. ಕೊಟ್ರೇಶಿ ಅವಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ತಾನೂ ನಕ್ಕ. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀರಿ ಮಂಗಳಮ್ಮ, ಬೇರೆಯವರೂ ನಿಮ್ಮನ್ನು ನೋಡಿ ಕಲಿಯಬೇಕು ಎಂದು ಇಂದುಮತಿ ಪುಸ್ತಕಕ್ಕೆ ಸಹಿ ಹಾಕಿದಳು.

ಐದನೇ ವಾರ ಹದಿನೇಳನೆಯ ಬಿಲ್ಲೆ ತಿಳಿಯಾಯಿತು. ಪರದೆಯ ಮೇಲೆ ಹಿಂದೆ ಬೂದು ಬಣ್ಣದ ಕಣಗಳು ಗುಂಪು ಗುಂಪಾಗಿ ಒತ್ತಿಕೊಂಡಿದ್ದ ಜಾಗದಲ್ಲಿ ಈಗ ಕೆಂಪು ಕಣಗಳು ಒಂದೊಂದಾಗಿ ಹೊರಬೀಳುತ್ತಿದ್ದವು. ಇಪ್ಪತ್ತೆರಡರಲ್ಲಿ ಇಷ್ಟು ಬೇಗ ತಿಳಿಯಾದದ್ದು ಇದೇ ಮೊದಲು. ಲೋಬೊ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮುಂದಿನ ವಾರ ಈ ಮನುಷ್ಯ ನಡೆದುಕೊಂಡು ಬಂದು ನಮಗೆ ದೋಸೆ ಹಾಕಿಕೊಡುತ್ತಾನೆ ಎಂದರು. ಇಂದುಮತಿ ಮನೆಗೆ ಹೋಗುವ ದಾರಿಯಲ್ಲಿ ಓಣಿಗೆ ಹೋಗಿ ಸುದ್ದಿ ಮುಟ್ಟಿಸಿದಳು. ಸರ್ವಮಂಗಳಾ ಅವಳ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು.

ಮುಂದಿನ ವಾರ ಕೊಟ್ರೇಶಿ ನಡೆದುಕೊಂಡು ಬರಲಿಲ್ಲ. ಏಳನೇ ವಾರ ಆಟೋದಲ್ಲಿ ಮಲಗಿಸಿ ತಂದರು. ಮೈ ಕೆಂಡ, ತೊಡೆಯ ತುಂಬ ನೀಲಿ ಕಲೆ. ಸೋಂಕು ತಗುಲಿದೆ, ಅಷ್ಟೇ, ಮಜ್ಜೆ ಚೊಕ್ಕವಾಗಿದೆಯಲ್ಲ ಎಂದು ಲೋಬೊ ಸೋಂಕಿಗೆ ಔಷಧ ಹಾಕಿಸಿದರು. ಎರಡು ದಿನ ಜ್ವರ ಇಳಿಯದಿದ್ದಾಗ, ಮನಸ್ಸಿಲ್ಲದ ಮನಸ್ಸಿನಿಂದ, ಹಳೇ ಪದ್ಧತಿಯಂತೆ ಸೊಂಟಕ್ಕೆ ಸೂಜಿ ಕೊರೆದರು. ಒಳಗೆ ಬರೀ ಬೂದು ಕಣಗಳು. ಒಂದೇ ಒಂದು ಬೆಳೆದಿರಲಿಲ್ಲ. ಮೇಲಿನ ಮಹಡಿಯಲ್ಲಿ ಮಜ್ಜೆ ಗುಣವಾಗಿತ್ತು, ಕೆಳಗಿನ ಮಹಡಿಯಲ್ಲಿ ಮನುಷ್ಯ ಸಾಯುತ್ತಿದ್ದ. ಶುಕ್ರವಾರ ಮಧ್ಯಾಹ್ನ ಕೊಟ್ರೇಶಿ ತೀರಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಸಂಜೆ ಇಂದುಮತಿ ಬಿಲ್ಲೆಗಳಿಗೆ ಊಟ ಹಾಕಲು ಹೋದಳು. ಹದಿನೇಳರ ಮುಂದೆ ಕೈ ನಿಂತಿತು. ಸತ್ತವನ ಬಿಲ್ಲೆಯನ್ನು ಒಂದು ತಿಂಗಳು ಇಟ್ಟು, ಆಮೇಲೆ ಮುಚ್ಚಬೇಕೆಂದು ನಿಯಮ. ಹನಿ ಹಾಕಿದಳು. ಅವತ್ತು ಏನೂ ಮಾತಾಡಲಿಲ್ಲ.

ಭಾನುವಾರ ಅವಳೇ ಜ್ವರ ಬಂದು ಮಲಗಿದಳು. ಗಂಡ ಹೊಸಪೇಟೆಯಲ್ಲಿ ನೌಕರಿ ಮಾಡುವವನು, ಅವತ್ತು ಬೆಳಿಗ್ಗೆಯೇ ಹೊರಟುಹೋಗಿದ್ದ. ಮನೆಯಲ್ಲಿ ಇದ್ದವರು ಅತ್ತೆ ಶಿವಗಂಗಮ್ಮ. ಎಪ್ಪತ್ತಾರು ವಯಸ್ಸಾದರೂ ಒಲೆಯ ಮುಂದೆ ಯಾರನ್ನೂ ಬಿಟ್ಟುಕೊಡದ ಹೆಂಗಸು. ಸೊಸೆ ಗುಳಿಗೆ ನುಂಗುವುದನ್ನು ನೋಡಿ ಮೆತ್ತನೆಯ ಅನ್ನ ಮಾಡಿ, ಜೀರಿಗೆ ಸಾರು ಸುರಿದು ತಂದಿಟ್ಟರು. ಬಾಯಿ ಕೆಟ್ಟಿದೆ, ಒಂದು ಹನಿ ತುಪ್ಪವಾದರೂ ಹಾಕಿ ಅತ್ತೆ ಎಂದು ಇಂದುಮತಿ ಕೇಳಿದಳು.

"ಔಷಧಿ ತಗಳ್ಳಾಗ ಜಿಡ್ಡು ಮುಟ್ಟಬಾರ್ದು. ಪಥ್ಯ ಮಾಡ್ಬೇಕು" ಎಂದರು ಅತ್ತೆ.

ಈ ಗುಳಿಗೆಗೆ ಪಥ್ಯವಿಲ್ಲ, ಡಾಕ್ಟರು ಏನು ಬೇಕಾದರೂ ತಿನ್ನಬಹುದು ಎಂದಿದ್ದಾರೆ ಎಂದಳು ಇಂದುಮತಿ.

"ಅವ್ರೇನ್ ಬಲ್ರು? ಅವ್ರು ಹೇಳಿದ್ಕೆ ಹೂಂ ಅನ್ನಾದು, ಮನಿಗೆ ಬಂದು ನಮ್ ಪಥ್ಯ ನಾವ್ ಮಾಡಾದು. ನಾನು ಮೂರು ಮಕ್ಳುನ್ನ ಹಂಗೇ ಸಾಕೀನಿ."

ಇಂದುಮತಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬೆಣ್ಣಿ ಮಕ ನೋಡಿ ಮೂರು ವಾರಾತು ಮೇಡಂ. ಆ ಮಾತು ಕಿವಿಯಲ್ಲಿ ಕೂಗಿದಂತಾಯಿತು. ಇಪ್ಪತ್ತೊಂದು ದಿನ, ಒಂದೇ ಶಾಯಿ, ಒಂದೇ ಅಳತೆ. ಮನೆಯಲ್ಲಿ ಯಾವ ಹೆಂಗಸು ಮೂರು ಹೊತ್ತೂ ಚಮಚ ಎಣಿಸಿ ತುಪ್ಪ ಹಾಕುತ್ತಾಳೆ? ಕಾಮಾಲೆ ಆದವರಿಗೆ ಎಣ್ಣೆ ಬೆಣ್ಣೆ ವಿಷವೆಂದು ಊರಿಗೆ ಊರೇ ನಂಬುತ್ತದೆ. ಅಜ್ಜ ಅದನ್ನು ಹೇಳದೆ ರಸ ಕೊಟ್ಟಿರುತ್ತಾನೆಯೇ? ಅವಳು ಇದೇ ಊರಿನಲ್ಲಿ ಹುಟ್ಟಿದವಳು, ಇದೇ ಪಥ್ಯದ ಅನ್ನ ಉಂಡು ಬೆಳೆದವಳು. ಮಂಗಳೂರಿನ ಲೋಬೊಗೆ ತಿಳಿಯದಿದ್ದರೆ ಕ್ಷಮೆ ಇದೆ, ಇವಳಿಗೆ ಎಲ್ಲಿದೆ? ರೋಗಿ ಬಾಯಿಬಿಟ್ಟು ಹೇಳಿದ್ದ. ಇವಳು ನಕ್ಕು ಸಹಿ ಹಾಕಿದ್ದಳು. ಎದೆ ಒಡೆಯುವ ಹಾಗೆ ಅಳು ಬಂತು. ಅತ್ತೆ ಜ್ವರ ನೆತ್ತಿಗೇರಿತೆಂದು ಒದ್ದೆ ಬಟ್ಟೆ ತಂದರು.

ಮರುದಿನ ಜ್ವರದಲ್ಲೇ ಕೇಂದ್ರಕ್ಕೆ ಹೋಗಿ, ಶೈತ್ಯಪೆಟ್ಟಿಗೆಯಲ್ಲಿದ್ದ ಕೊಟ್ರೇಶಿಯ ಹಳೆಯ ರಕ್ತದ ಸೀಸೆಗಳನ್ನೆಲ್ಲ ತೆಗೆದು ಔಷಧ ಅಳೆದಳು. ಮೊದಲ ದಿನ ಬಿಟ್ಟರೆ ಉಳಿದ ಯಾವ ವಾರವೂ ಇಲ್ಲ. ಏಳು ವಾರದ ಗುಳಿಗೆ ಕರಗದೆ, ಮೈಗೆ ಹತ್ತದೆ, ಬಂದ ದಾರಿಯಲ್ಲೇ ಹೋಗಿತ್ತು. ಬಿಲ್ಲೆಯ ಊಟದಲ್ಲಾದರೋ ಜಿಡ್ಡನ್ನು ಅವಳೇ ಅಳೆದು ಬೆರೆಸುತ್ತಿದ್ದಳು. ಆಮೇಲೆ ಉಳಿದ ಇಪ್ಪತ್ತೊಂದು ಜನರ ಸೀಸೆಗಳನ್ನೂ ಅಳೆದಳು. ಐದರಲ್ಲಿ ಇದೇ ಕಥೆ. ಐವರ ಬಿಲ್ಲೆಗಳೂ ಚೊಕ್ಕವಾಗುತ್ತ ಬರುತ್ತಿದ್ದವು.

ಲೋಬೊ ಕಾಗದವನ್ನು ಎರಡೆರಡು ಸಲ ನೋಡಿದರು. ಕಂಪನಿಗೆ ತಿಳಿಸಿದಾಗ ಅವರಿಂದ ಎರಡು ಸಾಲಿನ ಉತ್ತರ ಬಂತು: ಹದಿನೇಳನೇ ರೋಗಿ ನಿಯಮ ಪಾಲಿಸಿಲ್ಲ, ಅವರನ್ನು ಎಣಿಕೆಯಿಂದ ಕೈಬಿಡಿ. ಲೋಬೊ ಅದನ್ನು ಮುದುರಿ ಎಸೆದು ಐದೂ ಕುಟುಂಬಗಳನ್ನು ಕರೆಸಿದರು. ಕೈ ಮುಗಿದು ಹೇಳಿದರು, ಸಿಟ್ಟಿನಿಂದ ಹೇಳಿದರು. ಐದೂ ಮನೆಯವರು ಹೂಂ ಸರ್, ಹಾಕ್ತೀವಿ ಸರ್ ಎಂದರು. ನಾಲ್ಕು ದಿನ ಬಿಟ್ಟು ರಕ್ತ ನೋಡಿದರೆ ಔಷಧ ಇಲ್ಲ. ಊಟದ ಪುಸ್ತಕದಲ್ಲಿ ಮಾತ್ರ ತುಪ್ಪ ಮೂರು ಚಮಚವಾಗಿತ್ತು. ಆಸ್ಪತ್ರೆಯಲ್ಲೇ ಇಟ್ಟುಕೊಂಡು ಎದುರಿಗೆ ಉಣಿಸೋಣವೆಂದರೆ ಇದ್ದದ್ದು ನಾಲ್ಕು ಹಾಸಿಗೆ, ನಾಲ್ಕೂ ತುಂಬಿದ್ದವು, ಗುಳಿಗೆಯೋ ಆರು ತಿಂಗಳು ನುಂಗಬೇಕಾದದ್ದು.

ನನ್ನ ಮಾತು ಅವರ ಅಡುಗೆಮನೆಯೊಳಗೆ ಹೋಗುವುದಿಲ್ಲ ಇಂದುಮತಿ ಎಂದರು ಲೋಬೊ. ಯಾರ ಮಾತು ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಇಡೀ ಊರಿನಲ್ಲಿ ಸರ್ವಮಂಗಳಾ ಒಬ್ಬಳದೇ ಮಾತು ಹೋದೀತು. ಆದರೆ ಅವಳು ಆ ಮಾತು ಆಡಬೇಕಾದರೆ, ನಿನ್ನ ಕೈಯ ಪಥ್ಯದಿಂದಲೇ ನಿನ್ನ ಗಂಡ ಸತ್ತ ಎಂದು ಮೊದಲು ಅವಳಿಗೆ ಹೇಳಬೇಕಿತ್ತು. ಅದನ್ನು ಹೇಳಬೇಡಿ, ಇದ್ದವಳನ್ನೂ ಯಾಕೆ ಸಾಯಿಸುತ್ತೀರಿ ಎಂದರು ಲೋಬೊ. ಹೇಳದಿದ್ದರೆ ಐವರು. ಇಂದುಮತಿ ಮೂರು ದಿನ ಓಣಿಯ ತುದಿಯವರೆಗೆ ಹೋಗಿ ವಾಪಸು ಬಂದಳು.

ನಾಲ್ಕನೇ ದಿನ ಸರ್ವಮಂಗಳಾ ತಾನಾಗಿಯೇ ಬಂದಳು. ಹನ್ನೊಂದನೇ ದಿನದ ಕಾರ್ಯ ಹಿಂದಿನ ದಿನವಷ್ಟೇ ಮುಗಿದಿತ್ತು. ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತು, ಹಣೆಯ ವಿಭೂತಿ ಅಳಿಸದಂತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಕೈಯಲ್ಲಿ ಒಗೆದು ಮಡಿಸಿದ ಒಂದು ಬಿಳೀ ಬಟ್ಟೆ ಇತ್ತು.

"ಅವ್ರದೊಂದು ಚೂರು ನಿಮ್ಮತ್ರ ಐತಂತಲ್ಲ ಮೇಡಂ. ಮನುಷ್ಯನ್ನ ಅರ್ಧ ಮಣ್ಣು ಮಾಡಿ ಅರ್ಧ ಹೊರಗೆ ಬಿಡಬಾರ್ದಂತೆ. ಕೊಡ್ರಿ, ಅವ್ರತ್ರಾನೇ ಇಟ್ ಬರ್ತೀನಿ."

ಇಂದುಮತಿ ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದಳು. ಅದು ಸತ್ತಿಲ್ಲ ಮಂಗಳಮ್ಮ ಎಂದು ಹೇಳಿ, ಪೆಟ್ಟಿಗೆ ತೆರೆದು, ಹದಿನೇಳನೆಯ ಬಿಲ್ಲೆಯನ್ನು ಮಸೂರದ ಕೆಳಗಿಟ್ಟಳು. ಪರದೆಯ ಮೇಲೆ ಕೆಂಪು ಕಣವೊಂದು ಮೆಲ್ಲಗೆ ಬಿಡಿಸಿಕೊಂಡು ಕಾಲುವೆಗಿಳಿದು ಹೋಯಿತು. ಅದರ ಹಿಂದೆ ಇನ್ನೊಂದು. ಸರ್ವಮಂಗಳಾ ಉಸಿರು ಬಿಗಿಹಿಡಿದು ನೋಡಿದಳು. ಪರದೆ ಮುಟ್ಟಬಹುದೇ ಎಂದು ಕೇಳಿ, ಬೆರಳ ತುದಿಯಿಂದ ಮುಟ್ಟಿದಳು.

"ಇದ್ರಾಗೆ ರೋಗ ಇಲ್ಲ?"

"ಇಲ್ಲ. ಐದನೇ ವಾರಕ್ಕೇ ಹೋಯ್ತು."

"ಅದೇ ಹಳದಿ ಗುಳಿಗಿಗೆ?"

"ಅದಕ್ಕೇ."

ಏಳು ವಾರ ಗಂಡನಿಗೆ ಅಡುಗೆ ಮಾಡಿ ಹಾಕಿದ ಹೆಂಗಸು, ಅವಳ ಬಾಯಿಗೆ ಬರಬೇಕಾದ ಪ್ರಶ್ನೆಯೇ ಬಂತು.

"ಇದಕ್ಕೆ ಊಟಕ್ಕೆ ಏನ್ ಹಾಕಿದ್ರಿ?"

ಸಕ್ಕರೆ ನೀರು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು. ಪೆಟ್ಟಿಗೆಯ ಅರೆಯ ಮೇಲೆ, ಎರಡಡಿ ದೂರದಲ್ಲಿ, ಇನ್ನೂ ಐದು ಬಿಲ್ಲೆಗಳಿದ್ದವು. ಇಂದುಮತಿ ಅವುಗಳ ಕಡೆ ನೋಡಿದಳು.

"ಮೊದಲು ನನ್ನದು ಹೇಳ್ತೀನಿ" ಎಂದಳು. "ಕೊಟ್ರೇಶಪ್ಪ ನನಗೆ ಹೇಳಿದ್ರು, ಬೆಣ್ಣೆ ಮುಖ ನೋಡಿಲ್ಲ ಅಂತ. ನಿಮ್ಮೆದುರಿಗೇ ಹೇಳಿದ್ರು. ನಾನು ಕೇಳಿಸ್ಕೊಳ್ಳಿಲ್ಲ, ನಕ್ಕು ಸಹಿ ಹಾಕಿದೆ. ಈ ಊರಾಗೆ ಹುಟ್ಟಿ ಪಥ್ಯ ಅಂದ್ರೇನು ಅಂತ ಗೊತ್ತಿರೋಳು ನಾನು. ಇದಕ್ಕೆ ಜಿಡ್ಡು ಹಾಕಿದ್ದೆ ಮಂಗಳಮ್ಮ. ಮೂರು ಹೊತ್ತೂ. ಜಿಡ್ಡಿಲ್ದೆ ಆ ಗುಳಿಗೆ ಮೈಗೆ ಹತ್ತಲ್ಲ."

ಪೆಟ್ಟಿಗೆಯ ಮೋಟಾರು ಗುಂಯ್ ಎನ್ನುತ್ತಿತ್ತು. ಸರ್ವಮಂಗಳಾ ಅಳಲಿಲ್ಲ. ಮೊದಲ ದಿನ ದೋಸೆ ತಿಂದು ಹೋದ ರಾತ್ರಿ ಗಂಡ ವಾಂತಿ ಮಾಡಿಕೊಂಡದ್ದನ್ನು, ಮತ್ತೆ ಕಾಮಾಲೆ ಬಂತೆಂದು ತಾನು ಹೆದರಿ ಅಜ್ಜನ ಪಥ್ಯಕ್ಕೇ ಬಿದ್ದದ್ದನ್ನು, ಟ್ರಯಲಿನಿಂದ ತೆಗೆದುಹಾಕಿಬಿಟ್ಟಾರೆಂದು ಪುಸ್ತಕದಲ್ಲಿ ದಿನಾ ಸುಳ್ಳು ಬರೆದದ್ದನ್ನು, ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು. ಗಂಡ ಒಂದು ದಿನ ಅಂಗಲಾಚಿದನಂತೆ, ಒಂದು ಬೊಟ್ಟು ಹಾಕು ಮಂಗಳಾ, ಬಾಯಿ ಸಪ್ಪಗಾಗೈತಿ ಎಂದು. ಇವಳು ಬೆಣ್ಣೆಯ ಬೋಗುಣಿಯನ್ನು ಎತ್ತಿ ಅಟ್ಟದ ಮೇಲಿಟ್ಟಳಂತೆ.

"ಹಂಗಾರೆ ಇದು ಉಂಡು ಉಳೀತು" ಎಂದಳು, ಪರದೆಯ ಕಡೆ ನೋಡುತ್ತ. "ಅವ್ರು ಉಪವಾಸ ಹೋದ್ರು."

ಎದ್ದು ಹೊರಟಳು. ಬಿಳೀ ಬಟ್ಟೆ ಸ್ಟೂಲಿನ ಮೇಲೇ ಉಳಿಯಿತು. ಚಪ್ಪಲಿ ಮೆಟ್ಟುವುದನ್ನೂ ಮರೆತು ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆದುಹೋದದ್ದನ್ನು ಇಂದುಮತಿ ಕಿಟಕಿಯಿಂದ ನೋಡಿದಳು. ಐವರ ಮಾತು ಎತ್ತಲು ಅವಳಿಗೆ ಬಾಯಿಯೇ ಬಂದಿರಲಿಲ್ಲ. ಆ ಸಂಜೆ ಕೊಟ್ರೇಶಿಯ ತಮ್ಮನಿಗೆ ಫೋನು ಮಾಡಿ ಅತ್ತಿಗೆಯನ್ನು ಒಂಟಿಯಾಗಿ ಬಿಡಬೇಡಿ ಎಂದು ಹೇಳಿದಳು. ಎರಡು ದಿನ ಬಿಟ್ಟು, ತಡೆಯಲಾರದೆ, ಅವನ ಮೂಲಕವೇ ಐವರ ವಿಷಯವನ್ನೂ ತಿಳಿಸಿದಳು. ಯಾವ ಉತ್ತರವೂ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ರೋಗಿಗಳೂ ಮನೆಯವರೂ ಕೆಳಗಿನ ಹಾಲಿನಲ್ಲಿ ಕೂತಿದ್ದಾಗ ಸರ್ವಮಂಗಳಾ ಬಂದಳು. ಎರಡು ಕೈಯಲ್ಲೂ ಅಟ್ಟದ ಬೋಗುಣಿ ಹಿಡಿದಿದ್ದಳು. ಸರ್ವಮಂಗಳಾ ಗೋಡೆಗೆ ಒರಗಿ ನಿಂತಳು.

"ನಮ್ಮನಿಯವ್ರು ಬೆಣ್ಣಿದೋಸಿ ಕೊಟ್ರೇಶಿ. ನಿಮ್ಮಾಗೆ ಕೆಲವ್ರು ತಿಂದಿದೀರಿ. ನಾನು ಅವ್ರಿಗೆ ಏಳು ವಾರ ಒಂದ್ ಹನಿ ಜಿಡ್ಡು ಹಾಕ್ಲಿಲ್ಲ. ಹಾಕೀನಿ ಅಂತ ಬುಕ್ಕಿನಾಗೆ ಬರದೆ. ನೀವೂ ಬರೀತೀರಿ, ನನಗೆ ಗೊತ್ತೈತಿ. ಡಾಕ್ಟ್ರಿಗೆ ಹೂಂ ಅಂತೀರಿ, ಮನಿಗೆ ಹೋಗಿ ಪಥ್ಯ ಮಾಡ್ತೀರಿ. ಅವ್ರು ಕೇಳಿದ್ರು, ನಾನ್ ಕೊಡ್ಲಿಲ್ಲ. ಈಗ ಮನಿ ತುಂಬ ಬೆಣ್ಣಿ ಐತಿ, ತಿನ್ನೋರಿಲ್ಲ. ನಿಮ್ಮೋರು ಇನ್ನೂ ಕುಂತಾರೆ. ಹಾಕ್ರಿ."

ಹರಪನಹಳ್ಳಿಯ ಕಡೆಯಿಂದ ಮಗಳನ್ನು ಕರೆತಂದಿದ್ದ ಒಬ್ಬ ಮುದುಕಿ ಎದ್ದು ಬಂದು, ತನ್ನ ಬುತ್ತಿಯ ರೊಟ್ಟಿಯನ್ನು ಬೋಗುಣಿಯ ಮುಂದೆ ಹಿಡಿದಳು. ಸರ್ವಮಂಗಳಾ ಅದರ ಮೇಲೆ ಗಂಡ ಹಾಕುತ್ತಿದ್ದ ಹಾಗೆಯೇ ಅಂಗೈಯಗಲ ಬೆಣ್ಣೆ ಇಟ್ಟಳು. ಆಮೇಲೆ ಇನ್ನೊಬ್ಬರು ಎದ್ದರು.

ಆ ಐವರಲ್ಲಿ ನಾಲ್ವರು ಉಳಿದರು. ಒಬ್ಬನಿಗೆ ತಡವಾಗಿತ್ತು. ಕಂಪನಿಯ ವರದಿ ಇಪ್ಪತ್ತೊಂದು ರೋಗಿಗಳದೆಂದು ಅಚ್ಚಾಯಿತು, ಅದರಲ್ಲಿ ಹದಿನೇಳನೇ ನಂಬರು ಇರಲಿಲ್ಲ. ಆದರೆ ಅದೆಲ್ಲ ಮುಂದೆ ಆದ ಮಾತು.

ಆ ಮಂಗಳವಾರ ಬೋಗುಣಿ ಖಾಲಿಯಾದ ಮೇಲೆ ಸರ್ವಮಂಗಳಾ ಮೇಲಿನ ಮಹಡಿಗೆ ಬಂದಳು. ಅವಳ ಚಪ್ಪಲಿ ಬಾಗಿಲ ಹೊರಗೆ ಬಿಟ್ಟಲ್ಲೇ ಇತ್ತು. ಇದು ಎಷ್ಟು ದಿನ ಹೀಗೆ ಇರುತ್ತದೆ ಎಂದು ಕೇಳಿದಳು. ಊಟ ಹಾಕಿದಷ್ಟು ದಿನ ಎಂದಳು ಇಂದುಮತಿ. ಹಾಗೆ ಇಟ್ಟರೆ ಯಾರಿಗಾದರೂ ಉಪಯೋಗವುಂಟೇ ಎಂದು ಕೇಳಿದಳು. ಇನ್ನಿಲ್ಲ ಎಂದಳು ಇಂದುಮತಿ. ಹಾಗಾದರೆ ಇವತ್ತೇ ಕೊಟ್ಟುಬಿಡಿ, ಅವರು ಅರ್ಧ ಆಗಿ ಮಲಗಿದ್ದಾರೆ, ಆದರೆ ಕೊಡುವ ಮೊದಲು ಒಂದು ಹೊತ್ತು ನನ್ನ ಕೈಯಲ್ಲಿ ಹಾಕಲು ಬಿಡಿ ಎಂದಳು.

ಇಂದುಮತಿ ಊಟದ ದ್ರವವನ್ನು ಬೆಚ್ಚಗೆ ಮಾಡಿದಳು. ಜಿಡ್ಡಿನ ಅಳತೆಯನ್ನು ಎಂದಿಗಿಂತ ಒಂದು ಗೆರೆ ಹೆಚ್ಚು ಹಾಕಿದಳು, ನಿಯಮ ಹಾಳಾಗಿ ಹೋಗಲಿ. ಹನಿ ಹಾಕುವ ಕೊಳವೆಯನ್ನು ಸರ್ವಮಂಗಳಾಳ ಬೆರಳುಗಳ ನಡುವೆ ಇಟ್ಟು, ಅವಳ ಮೊಣಕೈ ಹಿಡಿದುಕೊಂಡಳು. ಹಳದಿ ಹನಿ ಕೊಳವೆಯ ತುದಿಯಲ್ಲಿ ತುಸು ಹೊತ್ತು ತೂಗಿ, ಬಿಲ್ಲೆಯ ಬಾಯಿಗೆ ಬಿತ್ತು.

"ಉಣ್ರಿ" ಎಂದಳು ಸರ್ವಮಂಗಳಾ.

ಪರದೆಯ ಮೇಲೆ ಕೆಂಪು ಕಣಗಳು ಒಂದರ ಹಿಂದೊಂದು ಇಳಿದು ಹೋಗುತ್ತಿದ್ದವು. ಇಬ್ಬರೂ ಹೆಂಗಸರು ಅದು ಉಂಡು ಮುಗಿಸುವವರೆಗೆ ಕಾದು ಕೂತರು. ಆಮೇಲೆ ಇಂದುಮತಿ ಆ ಬಿಲ್ಲೆಯೊಂದರ ಅಡಿಯ ಬಿಸಿ ಆರಿಸಿದಳು, ಸರ್ವಮಂಗಳಾ ಬಿಳೀ ಬಟ್ಟೆ ಬಿಡಿಸಿದಳು.